ಬೋರ್ಡಿನಲ್ಲಿ ಕನ್ನಡ, ಚೀಟಿಯಲ್ಲಿ ಯಾರ ಭಾಷೆ?

ಕನ್ನಡಿಗನಿಗೆ ಕಾಯಿಲೆ ಬರುವುದು ಕನ್ನಡದಲ್ಲೇ. ಅಂಗಾಲು ಉರಿಯುತ್ತದೆ. ಬೆರಳು ಜೋಮು ಹಿಡಿಯುತ್ತದೆ. ಕಣ್ಣು ಮಂಜಾಗುತ್ತದೆ. ಬಾಯಿ ಒಣಗುತ್ತದೆ, ರಾತ್ರಿ ನಾಲ್ಕು ಸಲ ಎದ್ದು ಹೋಗಬೇಕಾಗುತ್ತದೆ. ಇದನ್ನೆಲ್ಲ ಅವನು ಹೆಂಡತಿಯ ಮುಂದೆ ಕನ್ನಡದಲ್ಲಿ ಹೇಳಿಕೊಳ್ಳುತ್ತಾನೆ, ಮನೆದೇವರ ಮುಂದೆಯೂ ಕನ್ನಡದಲ್ಲೇ ಹೇಳಿಕೊಳ್ಳುತ್ತಾನೆ. ದೊಡ್ಡಾಸ್ಪತ್ರೆಯ ಗಾಜಿನ ಬಾಗಿಲು ದಾಟಿದ ಮೇಲೆ ಮಾತ್ರ ಅವನ ಬಾಯಿ ಕಟ್ಟಿಹೋಗುತ್ತದೆ. ಕೌಂಟರಿನಲ್ಲಿ ಹಿಂದಿ, ಡಾಕ್ಟರ ಕೊಠಡಿಯಲ್ಲಿ ಇಂಗ್ಲಿಷ್, ವಾರ್ಡಿನಲ್ಲಿ ಇನ್ನೊಂದು ಭಾಷೆ. ಹೊರಗೆ ಬರುವಾಗ ಕೈಯಲ್ಲೊಂದು ಚೀಟಿ. ಆ ಚೀಟಿಯಲ್ಲಿ ಅವನಿಗೆ ಓದಲು ಬರುವುದು ಒಂದೇ, ಫೀಸಿನ ಅಂಕಿ!

2024ರಲ್ಲಿ ಈ ರಾಜ್ಯದಲ್ಲಿ ಒಂದು ಕಾನೂನು ಬಂತು. ಅಂಗಡಿ, ಕಚೇರಿ, ಆಸ್ಪತ್ರೆಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಎಂದಿತು. ಬಹಳ ಸಂತೋಷ. ಅದಕ್ಕಾಗಿ ಬೀದಿಗಿಳಿದವರಿಗೆ, ಲಾಠಿ ಏಟು ತಿಂದವರಿಗೆ ನಮಸ್ಕಾರ. ಆದರೆ ಈಗ ನಾವು ಕೇಳುವ ಪ್ರಶ್ನೆ ಬೇರೆ. ಬೋರ್ಡಿನಲ್ಲಿ ಶೇಕಡ 60 ಕನ್ನಡ ಬಂತು ಸ್ವಾಮಿ, ಒಳಗಿನ ಚೀಟಿಯಲ್ಲಿ ಎಷ್ಟು ಬಂತು? ಡಾಕ್ಟರ ಬಾಯಲ್ಲಿ ಎಷ್ಟು ಬಂತು? ಬೋರ್ಡನ್ನು ಓದಿಕೊಂಡು ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.

ಇದು ಬರಿಯ ಅಭಿಮಾನದ ಮಾತು ಎಂದು ಕೆಲವರು ಮೂಗು ಮುರಿಯಬಹುದು. 'ಆಸ್ಪತ್ರೆಯಲ್ಲಿ ಜೀವ ಮುಖ್ಯ, ಭಾಷೆಯಲ್ಲ' ಎಂದು ಬುದ್ಧಿ ಹೇಳುವವರೂ ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಜೀವದ ಪ್ರಶ್ನೆಯಾದ್ದರಿಂದಲೇ ಇದು ಭಾಷೆಯ ಪ್ರಶ್ನೆ. ಹೇಗೆಂದು ಸಕ್ಕರೆ ಕಾಯಿಲೆಯನ್ನೇ ಇಟ್ಟುಕೊಂಡು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನ ಪ್ರಕಾರ ಈ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇರುತ್ತದೆ. ಇದು ಯಾರದೋ ಕಥೆಯಲ್ಲ.

ಜ್ವರ ಬಂದರೆ ಡಾಕ್ಟರು ಬಸ್ಸಿನಲ್ಲಿ ಪಕ್ಕ ಕೂತ ಪ್ರಯಾಣಿಕನಿದ್ದಂತೆ. ಎರಡು ಸ್ಟಾಪು ಜೊತೆಗಿದ್ದು ಇಳಿದುಹೋಗುತ್ತಾರೆ. ಭಾಷೆ ಗೊತ್ತಿಲ್ಲದಿದ್ದರೂ ಹೇಗೋ ನಡೆದೀತು. ಸಕ್ಕರೆ ಕಾಯಿಲೆ, ಬಿ.ಪಿ., ಅಸ್ತಮಾ, ಮೂರ್ಛೆ ರೋಗ, ಕಿಡ್ನಿ ತೊಂದರೆ ಇಂಥವು ಹಾಗಲ್ಲ. ಇವು ಬಂದವು ಹೋಗುವುದು ಅಪರೂಪ. ಇಲ್ಲಿ ಡಾಕ್ಟರು, ಸಿಸ್ಟರು, ಔಷಧ ಅಂಗಡಿಯವರು ನಮ್ಮ ಓಣಿಯ ಜನ ಇದ್ದಂತೆ. ಇಪ್ಪತ್ತು ವರ್ಷ, ಮೂವತ್ತು ವರ್ಷ ಒಟ್ಟಿಗೆ ಬದುಕಬೇಕು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಒಂದು ಓಣಿ ಎಷ್ಟು ದಿನ ನಡೆಯುತ್ತದೆ?

ಒಂದು ಲೆಕ್ಕ ಹಾಕಿ. ವರ್ಷಕ್ಕೆ 8,760 ಗಂಟೆ. ಸಕ್ಕರೆ ಕಾಯಿಲೆಯವನು ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋದ, ಪ್ರತಿ ಸಲ ಹತ್ತು ನಿಮಿಷ ಸಿಕ್ಕಿತು ಎಂದಿಟ್ಟುಕೊಳ್ಳಿ. ಓಪಿಡಿಯ ನೂಕುನುಗ್ಗಲಿನಲ್ಲಿ ಹತ್ತು ನಿಮಿಷ ಸಿಗುವುದೂ ಪುಣ್ಯವೇ. ವರ್ಷಕ್ಕೆ ಒಟ್ಟು 40 ನಿಮಿಷವಾಯಿತು. ಒಂದು ಗಂಟೆಯೂ ಇಲ್ಲ! ಉಳಿದ 8,759 ಗಂಟೆ ಈ ಕಾಯಿಲೆಗೆ ಡಾಕ್ಟರು ಯಾರು? ರೋಗಿಯೇ. ಯಾವ ಮಾತ್ರೆ ಯಾವಾಗ ನುಂಗಬೇಕು, ಎಷ್ಟು ತಿನ್ನಬೇಕು, ಇನ್ಸುಲಿನ್ ಎಷ್ಟು ಎಳೆಯಬೇಕು, ಕಾಲಿನ ಗಾಯವನ್ನು ಯಾವಾಗ ತೋರಿಸಬೇಕು ಎಂದು ದಿನದಿನವೂ ತೀರ್ಮಾನ ಮಾಡುವವನು ಅವನು. ಹಾಗಾದರೆ ಆ 40 ನಿಮಿಷ ಇರುವುದು ಯಾತಕ್ಕೆ? ಉಳಿದ ಗಂಟೆಗಳಿಗೆ ಅವನನ್ನು ತಯಾರು ಮಾಡುವುದಕ್ಕೆ. ಆ ಮಾತು ಅವನಿಗೆ ತಿಳಿಯದ ಭಾಷೆಯಲ್ಲಿ ನಡೆದರೆ ಚಿಕಿತ್ಸೆಯೇ ನಡೆಯಲಿಲ್ಲ ಎಂದು ಅರ್ಥ. ಬಿಲ್ಲು ಮಾತ್ರ ಆಯಿತು.

ಇದು ನಾವು ಇಂದು ಹೊಸದಾಗಿ ಕಂಡುಹಿಡಿದ ತತ್ವವಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಎಲಿಯಟ್ ಜೋಸ್ಲಿನ್ ಎಂಬ ವೈದ್ಯರಿದ್ದರು. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ ಬೇರ್ಪಡಿಸುವುದಕ್ಕೂ ಮೊದಲೇ, 1918ರಲ್ಲಿ, ಜೋಸ್ಲಿನ್ ಒಂದು ಕೈಪಿಡಿ ಬರೆದರು. ಅದು ವೈದ್ಯ ಮತ್ತು ರೋಗಿ ಇಬ್ಬರೂ ಸೇರಿ ಬಳಸುವುದಕ್ಕೆಂದು ಹೆಸರಿನಲ್ಲೇ ಇತ್ತು. ರೋಗಿಗೆ ತನ್ನ ಕಾಯಿಲೆಯ ಪಾಠ ಹೇಳದೆ ಈ ಕಾಯಿಲೆಯನ್ನು ಹಿಡಿತದಲ್ಲಿಡಲು ಆಗುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು. ನೂರು ವರ್ಷ ದಾಟಿತು. ನಮ್ಮ ರೋಗಿಯ ಕೈಗೆ ಸಿಕ್ಕಿರುವ ಪಾಠ ಯಾವುದು? 'ಶುಗರ್ ಜಾಸ್ತಿ ಇದೆ, ಕಂಟ್ರೋಲ್ ಮಾಡಿ, ನೆಕ್ಸ್ಟ್!'

ಈಗ ಆ ಚೀಟಿಯನ್ನೇ ನೋಡಿ. ಔಷಧದ ಹೆಸರಿನ ಮುಂದೆ ಓ.ಡಿ. ಎಂದು ಬರೆದಿರುತ್ತದೆ. ದಿನಕ್ಕೆ ಒಂದು ಸಲ ಎಂದರ್ಥ. ಬಿ.ಡಿ. ಎಂದಿದ್ದರೆ ದಿನಕ್ಕೆ ಎರಡು ಸಲ. ಇವು ಹಳೆಯ ಲ್ಯಾಟಿನ್ ಮಾತುಗಳ ತುಂಡುಗಳು. ಕನ್ನಡದ ಕಿವಿಗೆ ಹೇಗೆ ಕೇಳುತ್ತದೆ? ಒಂದು 'ಓಡಿ', ಇನ್ನೊಂದು 'ಬಿಡಿ'! ನಗಬೇಡಿ. ನಮ್ಮ ಜನ ಈ ಚೀಟಿಗೆ ಮಾಡುತ್ತಿರುವುದೂ ಅದನ್ನೇ. ಅರ್ಧ ಜನ ಆಸ್ಪತ್ರೆಯಿಂದ ಓಡುತ್ತಾರೆ, ಅರ್ಧ ಜನ ಮಾತ್ರೆ ಬಿಡುತ್ತಾರೆ. ಒಂದು ತಿಂಗಳು ನುಂಗಿದ ಮೇಲೆ ರಕ್ತಪರೀಕ್ಷೆ ನಾರ್ಮಲ್ ಬಂತೆನ್ನಿ, 'ವಾಸಿಯಾಯಿತು' ಎಂದು ಮಾತ್ರೆ ನಿಲ್ಲಿಸುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ, ನಿಲ್ಲಿಸಿದರೆ ಮತ್ತೆ ಏರುತ್ತದೆ ಎಂದು ಕನ್ನಡದಲ್ಲಿ ಒಂದು ವಾಕ್ಯ ಯಾರೂ ಹೇಳಿರುವುದಿಲ್ಲ. ಊಟದ ಜೊತೆ ನುಂಗಬೇಕಾದ ಮಾತ್ರೆಯನ್ನು ಬರಿಹೊಟ್ಟೆಗೆ ನುಂಗಿ ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಊಟಕ್ಕೆ ಮುಂಚಿನ ಮಾತ್ರೆ ನುಂಗಿ ಊಟವನ್ನೇ ಮರೆತು ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಇವರೆಲ್ಲ ಬುದ್ಧಿಯಿಲ್ಲದವರೇ? ಅಲ್ಲ. ಇವರಿಗೆ ತಿಳಿಯುವ ಹಾಗೆ ಹೇಳಲಿಲ್ಲ, ಅಷ್ಟೆ.

ಇನ್ಸುಲಿನ್ ವಿಷಯಕ್ಕೆ ಬನ್ನಿ. ನಮ್ಮ ದೇಶದ ಔಷಧ ಅಂಗಡಿಗಳಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಸಿಗುವ ಸಣ್ಣ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿಗೆ ಹಾಕುವ ಕಾರ್ಟ್ರಿಜ್ಜಿನಲ್ಲಿ, ಇನ್ನು ಕೆಲವು ಬಾಟಲಿಗಳಲ್ಲಿ, ಒಂದು ಮಿಲಿಲೀಟರಿಗೆ 100 ಯೂನಿಟ್. ಸಿರಿಂಜೂ ಎರಡು ಬಗೆ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಇದು ಅದಲು ಬದಲಾದರೆ ಏನಾಗುತ್ತದೆ? 20 ಯೂನಿಟ್ ಬೇಕಾದವನು 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾಮುರುಗಾ ಆಗಿ 100ರ ಬಾಟಲಿಗೆ 40ರ ಸಿರಿಂಜು ಬಿದ್ದರೆ 20ರ ಬದಲು 50 ಯೂನಿಟ್ ಹೋಗುತ್ತದೆ. ಮೊದಲನೆಯದರಲ್ಲಿ ಸಕ್ಕರೆ ಇಳಿಯುವುದೇ ಇಲ್ಲ. ಎರಡನೆಯದರಲ್ಲಿ ಪ್ರಾಣವೇ ಹೋಗಬಹುದು. ಬಾಟಲಿಯ ಮೇಲೂ ಇಂಗ್ಲಿಷ್, ಸಿರಿಂಜಿನ ಕವರಿನ ಮೇಲೂ ಇಂಗ್ಲಿಷ್. 'ಅಮ್ಮಾ, ಈ ಬಾಟಲಿಗೆ ಕೆಂಪು ಮುಚ್ಚಳದ ಸೂಜಿಯೇ ಆಗಬೇಕು, ಬೇರೆ ಕೊಟ್ಟರೆ ತಗೋಬೇಡಿ' ಎಂಬ ಒಂದು ಕನ್ನಡ ವಾಕ್ಯಕ್ಕೆ ಎಷ್ಟು ಬೆಲೆಯಿದೆ, ನೀವೇ ಹೇಳಿ.

ಸಕ್ಕರೆ ಏರುವುದಕ್ಕಿಂತ ಸಕ್ಕರೆ ಕುಸಿಯುವುದು ಕ್ಷಣದಲ್ಲಿ ಅಪಾಯ ತರುತ್ತದೆ. 70ಕ್ಕಿಂತ ಕೆಳಗಿಳಿದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಢವಢವ ಎನ್ನುತ್ತದೆ, ಮಾತು ತೊದಲುತ್ತದೆ. ಬಸ್ ಸ್ಟಾಂಡಿನಲ್ಲಿ ಹೀಗಾದವನನ್ನು ಕುಡಿದವನೆಂದು ಜನ ದಾಟಿ ಹೋಗುತ್ತಾರೆ. ಆಗ ಮಾಡಬೇಕಾದ್ದು ಬಹಳ ಸುಲಭ. ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಬೇಕು. 15 ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು ಮಾಡಬೇಕು. ಇಷ್ಟನ್ನು ರೋಗಿಗೆ ಮಾತ್ರವಲ್ಲ, ಅವನ ಹೆಂಡತಿಗೆ, ಮಕ್ಕಳಿಗೆ, ಜೊತೆ ಕೆಲಸ ಮಾಡುವವರಿಗೆ ಹೇಳಿಕೊಡಬೇಕು. ಅವರೆಲ್ಲರಿಗೂ ಒಟ್ಟಿಗೆ ತಿಳಿಯುವ ಭಾಷೆ ಯಾವುದು? ಉತ್ತರವನ್ನು ನಾವು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ರೋಗಿಗಳು ಡಾಕ್ಟರಿಗೆ ಸುಳ್ಳು ಹೇಳುತ್ತಾರೆ. 'ಮಾತ್ರೆ ಸರಿಯಾಗಿ ತಗೋತಿದ್ದೀರಾ?' 'ಹೂಂ ಸಾರ್.' 'ಸಿಹಿ ತಿಂದ್ರಾ?' 'ಇಲ್ಲ ಸಾರ್.' ಪರೀಕ್ಷೆಗೆ ಎರಡು ದಿನ ಮುಂಚೆ ಪಥ್ಯ ಮಾಡಿ ಪಾಸಾಗಲು ನೋಡುತ್ತಾರೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಆ ಆಟ ನಡೆಯುವುದಿಲ್ಲ. ಯಾಕೆ ಸುಳ್ಳು ಹೇಳುತ್ತಾರೆ? ಬೈಗುಳಕ್ಕೆ ಹೆದರಿ. ಸಾಲಿನಲ್ಲಿ ಇಪ್ಪತ್ತು ಜನರ ಮುಂದೆ 'ನಿಮಗೆಲ್ಲ ಹೇಳಿದ್ರೆ ಅರ್ಥ ಆಗಲ್ಲ' ಎನ್ನಿಸಿಕೊಳ್ಳುವ ಅವಮಾನಕ್ಕೆ ಹೆದರಿ. 'ದುಡ್ಡಿರಲಿಲ್ಲ ಸಾರ್, ಹದಿನೈದು ದಿನ ಮಾತ್ರೆ ತರಲಿಲ್ಲ' ಎಂದು ಹರಕು ಇಂಗ್ಲಿಷಿನಲ್ಲಿ ಹೇಳಲು ಬಾರದೆ.

ಆ ಸುಳ್ಳಿನ ಫಲ ಏನು ಗೊತ್ತೇ? ಮಾತ್ರೆ ತಿಂದೂ ಸಕ್ಕರೆ ಇಳಿದಿಲ್ಲ ಎಂದು ಡಾಕ್ಟರು ನಂಬುತ್ತಾರೆ, ಔಷಧ ಹೆಚ್ಚಿಸುತ್ತಾರೆ. ಅದು ಹಾಗೇ ಏರುತ್ತಾ ಹೋಗುತ್ತದೆ. ಒಂದು ದಿನ ಆತ ಬೇರೆ ಯಾವುದಕ್ಕೋ ಆಸ್ಪತ್ರೆ ಸೇರಿದಾಗ, ಚೀಟಿಯಲ್ಲಿರುವಷ್ಟನ್ನೂ ಸಿಸ್ಟರು ಹೊತ್ತು ಹೊತ್ತಿಗೆ ಕೊಡುತ್ತಾರೆ. ಮೊದಲ ಬಾರಿಗೆ ಪೂರ್ತಿ ಔಷಧ ಮೈಗೆ ಬೀಳುತ್ತದೆ, ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಇದರಲ್ಲಿ ತಪ್ಪು ಯಾರದು? ಔಷಧದ್ದಲ್ಲ. ಇಬ್ಬರ ನಡುವೆ ಸತ್ಯ ಹೇಳುವ ಸಲಿಗೆಯೇ ಬೆಳೆಯಲಿಲ್ಲ. ಸಲಿಗೆ ಬೆಳೆಯುವುದು ತಾಯಿನುಡಿಯಲ್ಲಿ. ಸತ್ಯ ಹೊರಡುವುದೂ ಅದರಲ್ಲೇ.

'ಅದಕ್ಕೇನು, ಜೊತೆಯಲ್ಲಿ ಮಗಳು ಬಂದಿದ್ದಾಳಲ್ಲ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ' ಎನ್ನುತ್ತಾರೆ. ಕೇಳಿ ಸ್ವಾಮಿ. ಸಕ್ಕರೆ ಏರಿದಾಗ ಹೆಂಗಸರಿಗೆ ಗುಪ್ತಾಂಗದ ತುರಿಕೆ, ಸೋಂಕು ಬರುತ್ತದೆ. ಗಂಡಸರಿಗೆ ದಾಂಪತ್ಯದಲ್ಲಿ ತೊಂದರೆ ಬರುತ್ತದೆ. ಅದನ್ನು ಹನ್ನೆರಡು ವರ್ಷದ ಮಗಳ ಬಾಯಲ್ಲಿ ಹೇಳಿಸುತ್ತೀರಾ? ವಾರ್ಡ್ ಬಾಯ್ ಬಾಯಲ್ಲಿ ಹೇಳಿಸುತ್ತೀರಾ? ಹೇಳುವುದೇ ಇಲ್ಲ. ನುಂಗಿಕೊಂಡು ಮನೆಗೆ ಬರುತ್ತಾರೆ. ಕಲಬುರಗಿಯಿಂದ ಬಂದ ಅಜ್ಜಿ 'ಚಕ್ಕರ್ ಬರ್ತದ, ಭಾಳ ತ್ರಾಸ ಆಗ್ತದ' ಎನ್ನುತ್ತಾಳೆ. ಅಂಗಾಲು ಹತ್ತಿಯ ಮೇಲೆ ಇಟ್ಟ ಹಾಗೆ ಆಗುತ್ತದೆ ಎನ್ನುತ್ತಾಳೆ. ನಡುವೆ ನಿಂತವನು ಇದನ್ನೆಲ್ಲ 'ವೀಕ್ನೆಸ್' ಎಂಬ ಒಂದೇ ಪದಕ್ಕೆ ಇಳಿಸಿ ಡಾಕ್ಟರಿಗೆ ಕೊಡುತ್ತಾನೆ. ಡಾಕ್ಟರು ವಿಟಮಿನ್ ಬರೆಯುತ್ತಾರೆ. ಆದರೆ ಹತ್ತಿಯ ಮೇಲೆ ನಡೆದಂತೆ ಆಗುವುದು ಕಾಲಿನ ನರ ಸಾಯುತ್ತಿರುವ ಲಕ್ಷಣವಾಗಿರಬಹುದು! ಸ್ಪರ್ಶ ಹೋದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಗಾಯ ಹುಣ್ಣಾಗುತ್ತದೆ, ಹುಣ್ಣು ಕೊಳೆಯುತ್ತದೆ, ಕೊನೆಗೆ ಕಾಲು ಕತ್ತರಿಸಬೇಕಾಗುತ್ತದೆ. ಒಂದು ಮಾತು ಅನುವಾದದಲ್ಲಿ ಕಳೆದುಹೋದದ್ದಕ್ಕೆ ಒಂದು ಕಾಲು ದಂಡ!

ಪಥ್ಯದ ಹಾಳೆಯದ್ದು ಬೇರೆಯೇ ತಮಾಷೆ. ಬೆಳಿಗ್ಗೆ ಓಟ್ಸ್, ಬ್ರೌನ್ ಬ್ರೆಡ್, ಮಧ್ಯಾಹ್ನ ಬ್ರೊಕೋಲಿ ಸಲಾಡ್ ಎಂದು ಅಚ್ಚು ಹಾಕಿ ಕೊಡುತ್ತಾರೆ. ಮಂಡ್ಯದ ರೈತನಿಗೆ ಬ್ರೊಕೋಲಿ! ಅವನು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ, 'ಮುದ್ದೆ ಎಷ್ಟು ಉಣ್ಣಬಹುದು?' ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶವಿದೆ, ನಿಜ. ಆದರೆ ಪಿಷ್ಟವೂ ಇದೆ. ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಸಣ್ಣದಾಗಲಿ, ಜೊತೆಗೆ ಸೊಪ್ಪು, ಕಾಳು, ಬಸ್ಸಾರು ಹೆಚ್ಚಾಗಲಿ ಎಂದು ಹೇಳಿದರೆ ಅವನು ಕೇಳುತ್ತಾನೆ. ಇದಕ್ಕೆ ಭಾಷೆ ಬಂದರೆ ಸಾಲದು, ನಮ್ಮ ತಟ್ಟೆಯಲ್ಲಿ ಏನಿದೆ ಎಂಬುದೂ ಗೊತ್ತಿರಬೇಕು.

ಇಷ್ಟು ಓದಿದ ಮೇಲೆ ಕೆಲವು ಬಿಸಿರಕ್ತದ ಗೆಳೆಯರ ಕೈ ತುರಿಸಬಹುದು. ಅವರಿಗೆ ಈಗಲೇ ಹೇಳುತ್ತೇವೆ. ರಾತ್ರಿ ಪಾಳಿಯ ಸಿಸ್ಟರ್ ಮೇಲೆ ಕೂಗಾಡುವುದು ಕನ್ನಡ ಹೋರಾಟವಲ್ಲ. ಕೇರಳದಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ಒಂದೆರಡು ವರ್ಷದಲ್ಲಿ ಕನ್ನಡ ಕಲಿತು, 'ಅಜ್ಜೀ, ಊಟ ಆಯ್ತಾ?' ಎಂದು ಕೇಳಿ ನಮ್ಮ ತಾಯಂದಿರ ಮಲಮೂತ್ರ ಎತ್ತಿದ್ದಾರೆ. ಅವರಿಗೆ ಕೈಮುಗಿಯೋಣ. ಹೊರರಾಜ್ಯದಿಂದ ಬಂದು, ಓಪಿಡಿಯಲ್ಲಿ ಒಂದು ಬೆಳಿಗ್ಗೆ ನೂರು ಜನರನ್ನು ನೋಡುವ ಪಿ.ಜಿ. ವಿದ್ಯಾರ್ಥಿಯೂ ನಮ್ಮ ಶತ್ರುವಲ್ಲ. ಅವನಿಗೆ ಕನ್ನಡ ಕಲಿಸದೆ ರೋಗಿಯ ಮುಂದೆ ಕೂರಿಸಿದ ವ್ಯವಸ್ಥೆ ಉತ್ತರ ಹೇಳಬೇಕು. ನಮಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಬ್ಬರ ಮೇಲೆ. ಇದೇ ಮಣ್ಣಿನಲ್ಲಿ ಹುಟ್ಟಿ, ಇದೇ ಜನರ ತೆರಿಗೆಯಲ್ಲಿ ಸರ್ಕಾರಿ ಕಾಲೇಜಿನಲ್ಲಿ ಓದಿ, ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕನ್ನಡ ಮಾತಾಡಿ, ಬಿಳಿ ಕೋಟು ಹಾಕಿದ ಕೂಡಲೇ ಕನ್ನಡದ ರೋಗಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ಕನ್ನಡದ ಡಾಕ್ಟರ ಮೇಲೆ! ಅವರಿಗೆ ಭಾಷೆ ಬಾರದ ನೆಪವೂ ಇಲ್ಲ.

'ವೈದ್ಯಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಆಗುವುದಿಲ್ಲ' ಎನ್ನುವವರು ಇನ್ನೂ ಇದ್ದಾರೆ. ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದದ್ದು ಯಾವ ಭಾಷೆಯಲ್ಲಿ? ಹೆಣ್ಣಿನ ದೇಹದ ಬಗ್ಗೆ ಮಾತಾಡಲು ನಾಚುತ್ತಿದ್ದ ಮನೆಗಳ ಒಳಕ್ಕೆ ಅವರ ಪುಸ್ತಕಗಳು ಹೋದವು. ಡಾ. ಡಿ.ಎಸ್. ಶಿವಪ್ಪ ವೈದ್ಯಕೀಯ ಪದಗಳಿಗೆ ಕನ್ನಡ ರೂಪ ಕೊಡಲು ವರ್ಷಗಟ್ಟಲೆ ದುಡಿದರು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳನ್ನು ಹಳ್ಳಿಯವರಿಗೂ ತಿಳಿಯುವಂತೆ ಪುಸ್ತಕದ ಮೇಲೆ ಪುಸ್ತಕ ಬರೆದರು. ಕನ್ನಡಕ್ಕೆ ಶಕ್ತಿ ಇಲ್ಲ ಎನ್ನುವವನಿಗೆ ಕನ್ನಡ ಗೊತ್ತಿಲ್ಲ ಎಂದಷ್ಟೇ ಅರ್ಥ. ಇಷ್ಟಕ್ಕೂ ನಾವು ಇನ್ಸುಲಿನ್‌ಗೆ ಹೊಸ ಸಂಸ್ಕೃತ ಹೆಸರು ಹುಡುಕಿ ಎನ್ನುತ್ತಿಲ್ಲ. ಇನ್ಸುಲಿನ್ ಇನ್ಸುಲಿನ್ನೇ ಆಗಿರಲಿ, ಶುಗರ್ ಶುಗರೇ ಆಗಿರಲಿ. 'ಎಷ್ಟು, ಯಾವಾಗ, ಯಾಕೆ' ಎಂಬುದು ಕನ್ನಡದಲ್ಲಿ ಬರಲಿ.

ಕಾನೂನು ನಮ್ಮ ಕಡೆ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿತು. ಕಾಯಿಲೆ ಯಾವುದು, ಚಿಕಿತ್ಸೆ ಏನು ಎಂಬುದನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವನಿಗೆ ತಿಳಿಯುವ ಮಟ್ಟದಲ್ಲಿ ಹೇಳಬೇಕು ಎಂದು ಅದರಲ್ಲಿದೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ರೋಗಿಯಾಗಲಿ ಅವನ ಕಡೆಯವರಾಗಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರ ತಿದ್ದುಪಡಿ ಹೇಳಿತು. 2019ರಿಂದ ಎಂಬಿಬಿಎಸ್‌ನ ಆರಂಭದ ಫೌಂಡೇಷನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಲು ಜಾಗವಿದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕೇಳಿತು. ಕಾಗದದ ಮೇಲೆ ಎಲ್ಲವೂ ಇದೆ. ಕಾಗದದಿಂದ ಕೊಠಡಿಗೆ ಅದನ್ನು ಇಳಿಸುವವರು ಯಾರು?

ಆದ್ದರಿಂದ ಸರ್ಕಾರದ ಮುಂದೆ, ಆಸ್ಪತ್ರೆಗಳ ಮುಂದೆ ನಮ್ಮ ಬೇಡಿಕೆಗಳು ಇವು. ಒಂದು, ಚೀಟಿಯಲ್ಲಿ ಔಷಧದ ಹೆಸರು ಅಂಗಡಿಯವನಿಗಾಗಿ ಇಂಗ್ಲಿಷಿನಲ್ಲೇ ಇರಲಿ, ಆದರೆ ಎಷ್ಟು, ಯಾವಾಗ, ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ ಎಂಬುದು ಕನ್ನಡದಲ್ಲಿ ಇರಲೇಬೇಕು. ಎರಡು, ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಮನೆಯಲ್ಲಿ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂದು ಒಂದು ಪುಟ ಕನ್ನಡದಲ್ಲಿ ಕೊಡಬೇಕು. ಮೂರು, ಹೊರಗಿನಿಂದ ಬಂದ ವೈದ್ಯ, ನರ್ಸಿಂಗ್ ವಿದ್ಯಾರ್ಥಿಗಳಿಗೆ ರೋಗಿಯ ಜೊತೆ ಮಾತಾಡುವ ಕನ್ನಡವನ್ನು ಕಲಿಸಬೇಕು. ಹಾಜರಿ ಪುಸ್ತಕದ ಕಲಿಕೆ ಬೇಡ, ಮಾತಾಡಿಸಿ ಪರೀಕ್ಷೆ ಮಾಡಬೇಕು. ನಾಲ್ಕು, ದೊಡ್ಡ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಕನ್ನಡ ಆಪ್ತಸಲಹೆಗಾರರು ಇರಬೇಕು. ಮಗಳನ್ನೂ ವಾರ್ಡ್ ಬಾಯನ್ನೂ ದುಭಾಷಿ ಮಾಡುವುದು ನಿಲ್ಲಬೇಕು.

ಇನ್ನು ಕನ್ನಡದ ಹುಡುಗರೇ, ಹುಡುಗಿಯರೇ, ನಿಮ್ಮ ಕಡೆ ತಿರುಗುತ್ತೇವೆ. ಸರ್ಕಾರ ಮಾಡುವವರೆಗೆ ನಿಮ್ಮ ಅಪ್ಪನ ಶುಗರ್ ಕಾಯುವುದಿಲ್ಲ. ನೀವು ಕೆಲಸಕ್ಕೆ ಒಂದು ದಿನ ರಜೆ ಹಾಕಿ ಅಪ್ಪ ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ. ಹೋದಾಗ ಅವರನ್ನು ಪಕ್ಕಕ್ಕೆ ತಳ್ಳಿ ನೀವೇ ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಬೇಡಿ. ಕಾಯಿಲೆ ಅವರದು, ಮಾತೂ ಅವರದೇ ಆಗಲಿ. 'ಡಾಕ್ಟ್ರೇ, ದಯವಿಟ್ಟು ಅಮ್ಮನಿಗೆ ಕನ್ನಡದಲ್ಲಿ ಹೇಳಿ' ಎಂದು ವಿನಯವಾಗಿ, ಆದರೆ ಗಟ್ಟಿಯಾಗಿ ಕೇಳಿ. ಡಾಕ್ಟರಿಗೆ ಕನ್ನಡ ಬಾರದಿದ್ದರೆ ಕೇಳಿ ಹೇಳಿ, ನಡುವೆ ಒಂದು ಮಾತನ್ನೂ ನುಂಗಬೇಡಿ. ನಾಚಿಕೆಯ ವಿಷಯವಿದ್ದರೆ ನೀವು ಹೊರಗೆ ನಿಂತು ಕನ್ನಡ ಬಲ್ಲ ಸಿಸ್ಟರನ್ನು ಕರೆಯಿಸಿ.

ಇನ್ನೊಂದು ಸಣ್ಣ ಕೆಲಸವಿದೆ, ಆದರೆ ಅದರ ಫಲ ದೊಡ್ಡದು. ಡಾಕ್ಟರು ಹೇಳಿ ಮುಗಿಸಿದ ಮೇಲೆ ಎದ್ದು ಬರಬೇಡಿ. 'ನಮಗೆ ತಿಳಿದದ್ದು ಇದು: ಈ ಮಾತ್ರೆ ಬೆಳಿಗ್ಗೆ ತಿಂಡಿಗೆ ಮುಂಚೆ, ಇದು ರಾತ್ರಿ ಊಟದ ಜೊತೆ, ಮೂರು ತಿಂಗಳ ನಂತರ ರಕ್ತ ಪರೀಕ್ಷೆ. ಸರಿಯೇ?' ಎಂದು ಅಮ್ಮನ ಬಾಯಿಂದಲೇ ತಿರುಗಿ ಹೇಳಿಸಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಎರಡು ರೂಪಾಯಿಯ ಪೆನ್ನು, ಒಂದು ನೋಟ್‌ಬುಕ್ಕು ಸಾಕು. ತಾರೀಖು, ಶುಗರಿನ ಅಂಕಿ, ಬದಲಾದ ಔಷಧ, ಯಾವಾಗ ತಲೆ ಸುತ್ತಿತು ಎಲ್ಲವನ್ನೂ ಕನ್ನಡದಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ, ಪಾದ, ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಯಿತೇ ಎಂದು ನೀವೇ ಕೇಳಿ. 1998ರಲ್ಲಿ ಇಂಗ್ಲೆಂಡಿನಿಂದ ಬಂದ ದೊಡ್ಡ ಅಧ್ಯಯನವೊಂದು ಸಕ್ಕರೆಯನ್ನು ಬಿಗಿ ಹಿಡಿತದಲ್ಲಿಟ್ಟರೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ಹಾನಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ತೋರಿಸಿತು. ಆ ಹಿಡಿತ ಇರುವುದು ಅಡಿಗೆಮನೆಯಲ್ಲಿ, ಮಾತ್ರೆ ಡಬ್ಬಿಯಲ್ಲಿ, ಆ ನೋಟ್‌ಬುಕ್ಕಿನಲ್ಲಿ.

ಅಪ್ಪ ಮಾತ್ರೆ ಬಿಟ್ಟರೆ ಬೈಯಬೇಡಿ. ಯಾಕೆ ಬಿಟ್ಟಿರಿ ಎಂದು ಕೇಳಿ. ದುಡ್ಡಿನ ಕಾರಣವೇ, ಹೊಟ್ಟೆ ಕೆಡುತ್ತದೆಯೇ, ಇನ್ಸುಲಿನ್ ಶುರುವಾದರೆ ಕಥೆ ಮುಗಿಯಿತು ಎಂಬ ಭಯವೇ? ಆ ಕಾರಣವನ್ನು ಹಾಗೇ ಡಾಕ್ಟರಿಗೆ ತಲುಪಿಸಿ. ಒಳ್ಳೆಯ ಡಾಕ್ಟರಿಗೆ ಸುಳ್ಳು ಹೂಂಗುಟ್ಟುವ ರೋಗಿಗಿಂತ ನಿಜ ಹೇಳುವ ರೋಗಿ ಎಷ್ಟೋ ಮೇಲು. ಅಗ್ಗದ ಔಷಧ ಬರೆಯಬಹುದು, ಬೇರೆ ಮಾತ್ರೆ ಕೊಡಬಹುದು, ಪ್ರಮಾಣ ಇಳಿಸಬಹುದು. ದಾರಿ ಇದ್ದೇ ಇರುತ್ತದೆ.

ನಿಮ್ಮ ಬಡಾವಣೆಯಲ್ಲಿ ಕನ್ನಡ ಸಂಘ ಇದೆಯಲ್ಲ, ನವೆಂಬರಿನಲ್ಲಿ ಧ್ವಜ ಹಾರಿಸಿ ಆರ್ಕೆಸ್ಟ್ರಾ ಮಾಡುತ್ತೀರಲ್ಲ, ಈ ವರ್ಷ ಜೊತೆಗೆ ಇನ್ನೊಂದು ಕೆಲಸ ಮಾಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಮುಖ್ಯಸ್ಥರನ್ನು ಭೇಟಿ ಮಾಡಿ. ಹೊರಗಿನಿಂದ ಬಂದ ಡಾಕ್ಟರಿಗೆ, ಸಿಸ್ಟರಿಗೆ ವಾರಕ್ಕೆರಡು ದಿನ ಕನ್ನಡ ಕಲಿಸುತ್ತೇವೆ ಎಂದು ಹೇಳಿ. 'ಎಲ್ಲಿ ನೋವು? ಎಷ್ಟು ದಿನದಿಂದ? ಉರಿಯೋ, ಜೋಮೋ? ಊಟ ಆಯಿತಾ? ಮಾತ್ರೆ ಯಾಕೆ ಬಿಟ್ಟಿರಿ?' ಇಂಥ ಐವತ್ತು ವಾಕ್ಯ ಕಲಿತರೆ ಅರ್ಧ ಕೆಲಸವಾಯಿತು. ಸಕ್ಕರೆ ಇಳಿದಾಗ ಏನು ಮಾಡಬೇಕು, ಯಾವ ಬಾಟಲಿಗೆ ಯಾವ ಸೂಜಿ ಎಂದು ಕನ್ನಡದ ಡಾಕ್ಟರೊಬ್ಬರಿಂದ ಬರೆಸಿ, ಕರಪತ್ರ ಮಾಡಿ, ಔಷಧ ಅಂಗಡಿಗಳಲ್ಲಿ ಇಡಿ. ಇದು ಮೆರವಣಿಗೆಗಿಂತ ಕಡಿಮೆಯ ಕನ್ನಡ ಕೆಲಸ ಎಂದು ಯಾರಾದರೂ ಹೇಳಿದರೆ ಅವರನ್ನು ನಮ್ಮ ಕಚೇರಿಗೆ ಕಳುಹಿಸಿ.

ನುಡಿ ಉಳಿಯಬೇಕಾದರೆ ನುಡಿಯುವವರು ಉಳಿಯಬೇಕು. ಕಣ್ಣು ಕಳೆದುಕೊಂಡವನು ಯಾವ ಬೋರ್ಡು ಓದುತ್ತಾನೆ? ಕಾಲು ಕಳೆದುಕೊಂಡವನು ಯಾವ ಮೆರವಣಿಗೆಗೆ ಬರುತ್ತಾನೆ? ಮುಂದಿನ ಸಲ ಚೀಟಿ ಕೈಗೆ ಬಂದಾಗ ಸುಮ್ಮನೆ ಜೇಬಿಗೆ ತುರುಕಬೇಡಿ. ಓಡಬೇಡಿ, ಬಿಡಬೇಡಿ. ಅಲ್ಲೇ ಕೂತು ಕೇಳಿ: 'ಇದನ್ನು ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಬರೆದುಕೊಡಿ.' ಅದು ಭಿಕ್ಷೆಯಲ್ಲ. ನಮ್ಮ ಚಿಕಿತ್ಸೆಯ ಅರ್ಧ ಭಾಗ ಅದೇ.